ಶೇಕಡಾ ಒಂದರ ಲೆಕ್ಕ: ಅಂಟಾರ್ಕ್ಟಿಕಾದ ಕ್ರಿಲ್ ಯಾರ ಪಾಲು?

2025ರ ಆಗಸ್ಟ್ ತಿಂಗಳಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಸುತ್ತಮುತ್ತ ಸೀಗಡಿಯಂಥ ಪುಟ್ಟ ಕಡಲಜೀವಿ ಕ್ರಿಲ್ ಹಿಡಿಯುತ್ತಿದ್ದ ಹಡಗುಗಳು ಬಲೆ ಎತ್ತಬೇಕಾಯಿತು. ಅಲ್ಲಿನ ಸೀಸನ್ ಮುಗಿಯುವುದು ನವೆಂಬರ್ ಕೊನೆಗೆ. ಇನ್ನೂ ತಿಂಗಳುಗಟ್ಟಲೆ ಸಮಯವಿತ್ತು. ಆದರೆ ಇಡೀ ವರ್ಷಕ್ಕೆಂದು ಗೊತ್ತು ಮಾಡಿದ್ದ 6.2 ಲಕ್ಷ ಟನ್ ಆಗಲೇ ಭರ್ತಿಯಾಗಿತ್ತು. ಹೀಗೆ ಒಟ್ಟು ಮಿತಿ ಮುಟ್ಟಿ ಇಡೀ ಮೀನುಗಾರಿಕೆ ಅರ್ಧಕ್ಕೆ ನಿಂತದ್ದು ಇದೇ ಮೊದಲು.

ಮಿತಿ ಮುಟ್ಟಿತು, ಹಡಗು ನಿಂತವು. ಅಂದರೆ ನಿಯಮ ಸರಿಯಾಗೇ ಕೆಲಸ ಮಾಡಿದೆ ಅಲ್ವಾ? ಉದ್ಯಮದವರ ವಾದ ಹೆಚ್ಚುಕಡಿಮೆ ಇದೇ. ಅವರ ಕೈಯಲ್ಲಿ ಒಂದು ಗಟ್ಟಿ ಅಂಕಿಯೂ ಇದೆ. ನಾರ್ವೆ, ಚೀನಾ, ದಕ್ಷಿಣ ಕೊರಿಯಾ, ಬ್ರಿಟನ್, ಉಕ್ರೇನ್ ಸೇರಿ 2019ರಲ್ಲಿ ಈ ಭಾಗದ ಕಡಲನ್ನು ಅಳೆದವು. ಅಲ್ಲಿ 6.26 ಕೋಟಿ ಟನ್ ಕ್ರಿಲ್ ಇದೆ ಅನ್ನುವ ಅಂದಾಜು ಸಿಕ್ಕಿತು. ಅದರ ಮುಂದೆ 6.2 ಲಕ್ಷ ಟನ್ ಅಂದರೆ ಶೇಕಡಾ ಒಂದು. ನೂರರಲ್ಲಿ ಒಂದು ತೆಗೆದುಕೊಂಡರೆ ಯಾರ ಗಂಟೇನು ಹೋಗುತ್ತದೆ?

ಈ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಇದು ಇಡೀ ಕಡಲಿನ ಲೆಕ್ಕ. ಗೂಡಿನಲ್ಲಿ ಮರಿ ಬಿಟ್ಟು ಬಂದ ಪೆಂಗ್ವಿನ್‌ಗೆ ಇಡೀ ಕಡಲು ಸಿಗುವುದಿಲ್ಲ. ಗೂಡಿನಿಂದ ಕೆಲವು ಹತ್ತು ಕಿಲೋಮೀಟರ್ ದೂರದೊಳಗೆ ಅದು ಹೊಟ್ಟೆ ತುಂಬಿಸಿಕೊಂಡು ವಾಪಸ್ ಬರಬೇಕು. ಆ ಪುಟ್ಟ ವಲಯದಲ್ಲಿ ಹಡಗುಗಳು ಎಷ್ಟು ಹಿಡಿದವು, ಯಾವ ತಿಂಗಳಲ್ಲಿ ಹಿಡಿದವು ಅನ್ನುವುದೇ ಅದಕ್ಕೆ ಮುಖ್ಯ. ಅಂಟಾರ್ಕ್ಟಿಕಾದ ಮೀನುಗಾರಿಕೆಯ ಬಗ್ಗೆ ನಡೆಯುತ್ತಿರುವ ಸಂಶೋಧನೆ, ಅದರ ಸುತ್ತಲಿನ ಜಗಳ ಎರಡೂ ಸುತ್ತುತ್ತಿರುವುದು ಈ ಒಂದು ವಿಷಯದ ಸುತ್ತ.

ಎರಡು ಗ್ರಾಂ ತೂಕದ ಜೀವಿ

ಕ್ರಿಲ್ ನೋಡಲು ಸಣ್ಣ ಸೀಗಡಿಯ ಹಾಗಿರುತ್ತದೆ. ಉದ್ದ ಹೆಚ್ಚೆಂದರೆ ಆರು ಸೆಂಟಿಮೀಟರ್, ತೂಕ ಎರಡು ಗ್ರಾಂ. ಐದಾರು ವರ್ಷ ಬದುಕುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ತಿಂದು ಬೆಳೆಯುತ್ತದೆ. ಇದರ ತಾಕತ್ತು ಇರುವುದು ಹಿಂಡಿನಲ್ಲಿ. ದಟ್ಟ ಹಿಂಡಿನ ಒಂದು ಘನ ಮೀಟರ್ ನೀರಿನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಕ್ರಿಲ್ ಇರಬಹುದು. ಅಡೇಲಿ, ಚಿನ್‌ಸ್ಟ್ರ್ಯಾಪ್ ಪೆಂಗ್ವಿನ್‌ಗಳು, ತುಪ್ಪಳದ ಸೀಲ್‌ಗಳು, ಹಂಪ್‌ಬ್ಯಾಕ್, ಫಿನ್, ನೀಲಿ ತಿಮಿಂಗಿಲಗಳು ಎಲ್ಲವೂ ಇದನ್ನೇ ನಂಬಿಕೊಂಡಿವೆ. ಬೇರೆ ಕಡಲುಗಳಲ್ಲಿ ಸಣ್ಣ ಮೀನು, ದೊಡ್ಡ ಮೀನು ಅಂತ ನಾಲ್ಕೈದು ಮೆಟ್ಟಿಲು ಇರುತ್ತವೆ. ಇಲ್ಲಿ ಪಾಚಿಯಿಂದ ಕ್ರಿಲ್‌ಗೆ, ಕ್ರಿಲ್‌ನಿಂದ ನೇರವಾಗಿ ತಿಮಿಂಗಿಲಕ್ಕೆ. ನಡುವಿನ ಆ ಒಂದು ಮೆಟ್ಟಿಲು ಅಲುಗಾಡಿದರೆ ಮೇಲಿನವರಿಗೆ ಬೇರೆ ಆಧಾರ ಕಡಿಮೆ.

ಇನ್ನೊಂದು ಕುತೂಹಲದ ಸಂಗತಿ ಇದೆ. ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದರು. ತಿನ್ನುವವರೇ ಇಲ್ಲದ ಮೇಲೆ ಕ್ರಿಲ್ ಉಕ್ಕಿ ಹರಿಯಬೇಕಿತ್ತು. ಹಾಗಾಗಲಿಲ್ಲ. 2021ರಲ್ಲಿ ಮ್ಯಾಥ್ಯೂ ಸವೋಕಾ ಮತ್ತು ಸಂಗಡಿಗರು ತಿಮಿಂಗಿಲಗಳ ಬೆನ್ನಿಗೆ ಉಪಕರಣ ಅಂಟಿಸಿ ಅವು ಎಷ್ಟು ತಿನ್ನುತ್ತವೆ ಎಂದು ಲೆಕ್ಕ ಹಾಕಿದರು. ನೀಲಿ ತಿಮಿಂಗಿಲ ಒಂದು ದಿನಕ್ಕೆ ತಿನ್ನುವುದು ಸುಮಾರು 16 ಟನ್. ಬೇಟೆ ಶುರುವಾಗುವ ಮುಂಚೆ ಇಲ್ಲಿನ ತಿಮಿಂಗಿಲಗಳು ವರ್ಷಕ್ಕೆ ಸುಮಾರು 43 ಕೋಟಿ ಟನ್ ಕ್ರಿಲ್ ತಿನ್ನುತ್ತಿದ್ದವು ಎಂಬ ಅಂದಾಜು ಬಂತು. ಇಡೀ ದಕ್ಷಿಣ ಸಾಗರದಲ್ಲಿ ಇವತ್ತು ಇರುವ ಒಟ್ಟು ಕ್ರಿಲ್ ಸುಮಾರು 38 ಕೋಟಿ ಟನ್ ಎಂಬ ಹಳೆಯ ಅಂದಾಜಿನ ಪಕ್ಕ ಇದನ್ನು ಇಟ್ಟು ನೋಡಿ. ಇರುವುದಕ್ಕಿಂತ ತಿನ್ನುತ್ತಿದ್ದದ್ದೇ ಜಾಸ್ತಿ! ಹಲವು ವಿಜ್ಞಾನಿಗಳು ಒಲವು ತೋರುವ ವಿವರಣೆ ಹೀಗಿದೆ: ಈ ಕಡಲಿನಲ್ಲಿ ಕಬ್ಬಿಣದ ಅಂಶ ಕಡಿಮೆ. ತಿಮಿಂಗಿಲದ ಸಗಣಿಯಲ್ಲಿ ಅದು ಧಾರಾಳ. ಆ ಗೊಬ್ಬರದಿಂದ ಪಾಚಿ ಬೆಳೆಯುತ್ತಿತ್ತು, ಪಾಚಿಯಿಂದ ಕ್ರಿಲ್ ಹೆಚ್ಚುತ್ತಿತ್ತು. ತಿಮಿಂಗಿಲ ಹೋದ ಮೇಲೆ ಗೊಬ್ಬರವೂ ಹೋಯಿತು.

ಈಗ ವಾಣಿಜ್ಯ ಬೇಟೆ ನಿಂತು ದಶಕಗಳಾಗಿವೆ. ಹಂಪ್‌ಬ್ಯಾಕ್‌ಗಳು ಚೇತರಿಸಿಕೊಂಡಿವೆ, ಫಿನ್ ತಿಮಿಂಗಿಲಗಳು ಮರಳುತ್ತಿವೆ. 2022ರ ಜನವರಿಯಲ್ಲಿ ದಕ್ಷಿಣ ಆರ್ಕ್ನಿ ದ್ವೀಪಗಳ ಹತ್ತಿರ ಸುಮಾರು ಸಾವಿರ ಫಿನ್ ತಿಮಿಂಗಿಲಗಳು ಒಟ್ಟಾಗಿ ಕ್ರಿಲ್ ತಿನ್ನುತ್ತಿದ್ದದ್ದನ್ನು ಸಂಶೋಧಕರು ಕಂಡರು. ಅದೇ ಗುಂಪಿನ ನಡುವೆ ನಾಲ್ಕು ದೊಡ್ಡ ಟ್ರಾಲರ್‌ಗಳು ಬಲೆ ಎಳೆಯುತ್ತಿದ್ದವು. ಅಷ್ಟು ದೊಡ್ಡ ಕಡಲಿನಲ್ಲಿ ಇಬ್ಬರಿಗೂ ಒಂದೇ ಜಾಗ ಬೇಕಾಗಿತ್ತು. ಯಾಕೆಂದರೆ ಕ್ರಿಲ್ ಎಲ್ಲ ಕಡೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಹಿಂಡು ದಟ್ಟವಾಗಿರುವ ಜಾಗಗಳು ಕೆಲವೇ. ಅವು ತಿಮಿಂಗಿಲಕ್ಕೂ ಗೊತ್ತು, ಕ್ಯಾಪ್ಟನ್‌ಗೂ ಗೊತ್ತು.

ಹಿಡಿಯುವವರು ಯಾರು, ತಡೆಯುವವರು ಯಾರು

ಕ್ರಿಲ್ ಹಿಡಿಯುವುದನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು ಸೋವಿಯತ್ ಒಕ್ಕೂಟ. 1981-82ರಲ್ಲಿ ಹಿಡಿತ ಐದು ಲಕ್ಷ ಟನ್ ದಾಟಿತ್ತು. ಒಕ್ಕೂಟ ಒಡೆದ ಮೇಲೆ ಅದು ಕುಸಿಯಿತು. ಈಗ ಮುಂದಿರುವುದು ನಾರ್ವೆ ಮತ್ತು ಚೀನಾ. ಚಿಲಿ, ದಕ್ಷಿಣ ಕೊರಿಯಾ, ಉಕ್ರೇನ್ ಕೂಡ ಇವೆ. ಹೊಸ ಹಡಗುಗಳು ಬಲೆಯನ್ನು ಮತ್ತೆ ಮತ್ತೆ ಎತ್ತುವುದಿಲ್ಲ. ನೀರಿನೊಳಗೆ ಬಲೆ ಇದ್ದ ಹಾಗೇ ಪೈಪ್ ಹಾಕಿ ಕ್ರಿಲ್ ಅನ್ನು ಎಡೆಬಿಡದೆ ಮೇಲಕ್ಕೆ ಎಳೆದುಕೊಳ್ಳುತ್ತವೆ. ಅದರಲ್ಲಿ ಬಹುಪಾಲು ಪುಡಿಯಾಗಿ ಸಾಲ್ಮನ್‌ನಂಥ ಸಾಕುಮೀನಿನ ಮೇವಿಗೆ ಹೋಗುತ್ತದೆ. ಒಂದಿಷ್ಟು ಒಮೆಗಾ-3 ಮಾತ್ರೆಯಾಗಿ ಮೆಡಿಕಲ್ ಶಾಪ್ ಸೇರುತ್ತದೆ. ಹೊಟ್ಟೆಗಿಲ್ಲದ ಜನರ ಊಟಕ್ಕೆ ಇದು ಬರುತ್ತಿಲ್ಲ ಅನ್ನುವುದನ್ನು ನೆನಪಿಡಬೇಕು.

ಇದನ್ನೆಲ್ಲ ನೋಡಿಕೊಳ್ಳುವುದು ಕ್ಯಾಮ್ಲಾರ್ ಎಂದು ಚುಟುಕಾಗಿ ಕರೆಯುವ, ಅಂಟಾರ್ಕ್ಟಿಕಾದ ಕಡಲ ಜೀವಿಗಳ ಸಂರಕ್ಷಣೆಗೆಂದೇ ಇರುವ ಒಂದು ಅಂತರರಾಷ್ಟ್ರೀಯ ಆಯೋಗ. 1980ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 1982ರಲ್ಲಿ ಜಾರಿಗೆ ಬಂತು. ಕಚೇರಿ ಇರುವುದು ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ. ಸದಸ್ಯರು 27. ಭಾರತ 1986ರಿಂದ ಸದಸ್ಯ. ಈ ಒಪ್ಪಂದ ತನ್ನ ಕಾಲಕ್ಕೆ ತುಂಬ ಮುಂದಿತ್ತು. ಮೀನು ಉಳಿದರೆ ಸಾಕು ಅನ್ನುವುದು ಅಂದಿನ ರೂಢಿ. ಇದು ಹಾಗಲ್ಲ, ಮೀನನ್ನು ನಂಬಿದ ಪ್ರಾಣಿಗಳೂ ಉಳಿಯಬೇಕು ಎಂದಿತು. ಎರಡು ಮೂರು ದಶಕಗಳಲ್ಲಿ ಸರಿಪಡಿಸಲಾಗದ ಬದಲಾವಣೆ ಆಗದಂತೆ ನೋಡಿಕೊಳ್ಳಬೇಕು ಎಂದೂ ಬರೆಯಿತು. ಒಂದೇ ತೊಡಕು: ಇಲ್ಲಿ ಯಾವ ತೀರ್ಮಾನಕ್ಕೂ ಸರ್ವಾನುಮತ ಬೇಕು. ಒಬ್ಬರು ಬೇಡ ಅಂದರೂ ಮುಗಿಯಿತು.

ಮಿತಿಯ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಭಾಗದಲ್ಲಿ ವಿಜ್ಞಾನದ ಲೆಕ್ಕ ಒಪ್ಪುವ ಗರಿಷ್ಠ ಮಿತಿ 56.1 ಲಕ್ಷ ಟನ್. ಆದರೆ ಅಷ್ಟು ಹಿಡಿಯಲು ಬಿಟ್ಟಿಲ್ಲ. ಜಾಗಗಳಿಗೆ ಸರಿಯಾಗಿ ಹಂಚುವ ವಿಧಾನ ಸಿಗುವ ತನಕ 6.2 ಲಕ್ಷಕ್ಕೆ ನಿಲ್ಲಿಸಿ ಎಂದು ಒಪ್ಪಿಕೊಂಡಿದ್ದರು. ಈ 6.2 ಲಕ್ಷ ಬಂದದ್ದು ಯಾವ ಜೀವಶಾಸ್ತ್ರದಿಂದಲೂ ಅಲ್ಲ. ಒಂದೊಂದು ಉಪವಲಯದಲ್ಲಿ ಹಿಂದೆ ಯಾವತ್ತೋ ಹಿಡಿದ ಗರಿಷ್ಠ ಅಂಕಿಗಳನ್ನು ಸುಮ್ನೆ ಕೂಡಿಸಿ ಬಂದದ್ದು. 2009ರಲ್ಲಿ ಅದನ್ನೂ ನಾಲ್ಕು ಉಪವಲಯಗಳಿಗೆ ಹಂಚಿದರು. ಪರ್ಯಾಯ ದ್ವೀಪದ ಸುತ್ತಲಿನ 48.1 ಎಂಬ ಉಪವಲಯಕ್ಕೆ 1.55 ಲಕ್ಷ ಟನ್. ದಕ್ಷಿಣ ಆರ್ಕ್ನಿಗೆ ಮತ್ತು ದಕ್ಷಿಣ ಜಾರ್ಜಿಯಾಕ್ಕೆ ತಲಾ 2.79 ಲಕ್ಷ. ದಕ್ಷಿಣ ಸ್ಯಾಂಡ್‌ವಿಚ್‌ಗೆ 93 ಸಾವಿರ. ಕೂಡಿಸಿದರೆ 6.2 ಲಕ್ಷಕ್ಕಿಂತ ಜಾಸ್ತಿ ಆಗುತ್ತದೆ, ಆದರೆ ಅದು ಲೆಕ್ಕ ತಪ್ಪಿದ್ದಲ್ಲ. ಹಡಗುಗಳಿಗೆ ಆಚೀಚೆ ಓಡಾಡಲು ಸ್ವಲ್ಪ ಸಡಿಲ ಬಿಟ್ಟಿದ್ದರು, ಒಟ್ಟು ಮಾತ್ರ 6.2 ದಾಟುವಂತಿರಲಿಲ್ಲ.

ಈ ಹಂಚಿಕೆ 2024ರ ಕೊನೆಗೆ ಮುಗಿದುಹೋಯಿತು. ಅದರ ಬದಲು ದೊಡ್ಡದೊಂದು ರಾಜಿಸೂತ್ರ ತಯಾರಾಗುತ್ತಿತ್ತು. 48.1ರಲ್ಲಿ ಹಿಡಿಯುವ ಮಿತಿಯನ್ನು ನಾಲ್ಕು ಪಟ್ಟಿಗೂ ಜಾಸ್ತಿ ಏರಿಸುವುದು, ಅದಕ್ಕೆ ಪ್ರತಿಯಾಗಿ ಅಲ್ಲೇ ಒಂದು ದೊಡ್ಡ ಸಂರಕ್ಷಿತ ವಲಯ ಮಾಡುವುದು. 2024ರಲ್ಲಿ ಕೊರಿಯಾದ ಇಂಚಾನ್‌ನಲ್ಲಿ ಕೂತು ಇದರ ಬಗ್ಗೆ ಚರ್ಚಿಸಿದರು. ಅಕ್ಟೋಬರ್‌ನಲ್ಲಿ ಹೋಬಾರ್ಟ್‌ನಲ್ಲಿ ಅದು ಮುರಿದುಬಿತ್ತು. ಹೊಸದೂ ಬರಲಿಲ್ಲ, ಹಳೆಯದನ್ನು ಮುಂದುವರಿಸುವುದಕ್ಕೂ ಒಮ್ಮತ ಸಿಗಲಿಲ್ಲ. ಉಳಿದದ್ದು 6.2 ಲಕ್ಷ ಅನ್ನುವ ಒಂಟಿ ಅಂಕಿ. ಎಲ್ಲಿ ಬೇಕಾದರೂ ಹಿಡಿಯಬಹುದು.

ಹಡಗುಗಳು ಎಲ್ಲಿ ಹೋಗುತ್ತವೆ? ಕ್ರಿಲ್ ದಟ್ಟವಾಗಿರುವ ಕಡೆ. 2025ರ ಜೂನ್ ಕೊನೆಯ ಹೊತ್ತಿಗೆ 5.18 ಲಕ್ಷ ಟನ್ ಆಗಿತ್ತು. ಒಂದೇ ಒಂದು ಜಾಗದಲ್ಲಿ ಹಿಡಿದದ್ದು ಅಲ್ಲಿ ಹಿಂದಿನ ಇಡೀ ವರ್ಷ ಹಿಡಿದದ್ದಕ್ಕಿಂತ ಸುಮಾರು ಶೇ. 60 ಜಾಸ್ತಿ. ಆದ್ದರಿಂದ ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಂತದ್ದನ್ನು ನಿಯಮದ ಗೆಲುವು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹೊರಗಿನ ಬೇಲಿ ಉಳಿದಿತ್ತು, ನಿಜ. ಒಳಗಿನ ಬೇಲಿಗಳು ಹೋಗಿದ್ದವು.

ಪೆಂಗ್ವಿನ್ ಮರಿಯ ತೂಕ

ಸರಿ, ಒಂದೇ ಕಡೆ ಹಿಡಿದರೆ ತೊಂದರೆ ಅನ್ನುವುದಕ್ಕೆ ಪುರಾವೆ ಏನು? ಇಲ್ಲಿಗೆ ಬಂದಾಗ ಕಥೆ ಸ್ವಲ್ಪ ತೊಡಕಾಗುತ್ತದೆ. ನನಗೆ ಇಷ್ಟವಾಗುವ ಭಾಗವೂ ಇದೇ.

ಕ್ಯಾಮ್ಲಾರ್ 1980ರ ದಶಕದಿಂದಲೇ ಒಂದು ನಿಗಾ ಕಾರ್ಯಕ್ರಮ ನಡೆಸುತ್ತಿದೆ. ಕ್ರಿಲ್ ನಂಬಿದ ಪ್ರಾಣಿಗಳು ಹೇಗಿವೆ ಎಂದು ಪ್ರತಿ ವರ್ಷ ಅಳೆಯುವುದು ಅದರ ಕೆಲಸ. ಅಳತೆಗಳು ಸರಳ. ಗೂಡಿಗೆ ಬಂದಾಗ ಪೆಂಗ್ವಿನ್ ಎಷ್ಟು ತೂಕವಿತ್ತು? ಆಹಾರಕ್ಕೆ ಹೋದ ತಾಯಿ ಅಥವಾ ತಂದೆ ಎಷ್ಟು ಗಂಟೆಗೆ ವಾಪಸಾಯಿತು? ಎಷ್ಟು ಮರಿ ಬದುಕಿದವು? ಗೂಡು ಬಿಟ್ಟು ಕಡಲಿಗಿಳಿಯುವ ದಿನ ಮರಿಯ ತೂಕ ಎಷ್ಟು? ಕ್ರಿಲ್ ಕಡಿಮೆ ಇದ್ದರೆ ಹೋದವರು ತಡವಾಗಿ ಬರುತ್ತಾರೆ, ಮರಿ ಬಡಕಲಾಗುತ್ತದೆ. ಬಡಕಲು ಮರಿ ಮೊದಲ ಚಳಿಗಾಲ ದಾಟುವುದು ಕಷ್ಟ.

2020ರಲ್ಲಿ ಅಮೆರಿಕದ ಜಾರ್ಜ್ ವಾಟರ್ಸ್, ಜೆಫರ್ಸನ್ ಹಿಂಕೆ, ಕ್ರಿಸ್ಚಿಯನ್ ರೈಸ್ ಇಂಥ ಮೂವತ್ತಕ್ಕೂ ಹೆಚ್ಚು ವರ್ಷಗಳ ಅಳತೆಗಳನ್ನು ಕ್ರಿಲ್ ಸಮೀಕ್ಷೆ ಮತ್ತು ಹಡಗುಗಳ ಹಿಡಿತದ ಜೊತೆ ಕೂಡಿಸಿ ನೋಡಿದರು. ಒಂದು ಜಾಗದಲ್ಲಿ ಇರುವ ಕ್ರಿಲ್‌ನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಹಿಡಿದಾಗ ಅಲ್ಲಿನ ಪೆಂಗ್ವಿನ್‌ಗಳ ಸ್ಥಿತಿ ಕೆಡುತ್ತಿತ್ತು. ಎಷ್ಟರ ಮಟ್ಟಿಗೆ? ಹವಾಮಾನ ಕೈಕೊಟ್ಟ ಕೆಟ್ಟ ವರ್ಷದಲ್ಲಿ ಆಗುವಷ್ಟೇ. ಇಡೀ ವಲಯದ ಸರಾಸರಿ ತೆಗೆದರೆ ಹಿಡಿತ ಶೇಕಡಾ ಒಂದರ ಆಸುಪಾಸಿನಲ್ಲೇ ಇತ್ತು. ಅದೇ ವೇಳೆ ಕೆಲವು ಜಾಗಗಳಲ್ಲಿ ಅದು ಹತ್ತನ್ನೂ ದಾಟಿತ್ತು. ಮೊದಲು ಹೇಳಿದ ಶೇಕಡಾ ಒಂದರ ಲೆಕ್ಕ ಮುಚ್ಚಿಡುವುದು ಇದನ್ನೇ.

ಹಾಗಂತ ಎಲ್ಲರೂ ಇದನ್ನು ಒಪ್ಪಿಕೊಂಡಿಲ್ಲ. ಅವರು ತೆಗೆದುಕೊಂಡ ಕಡಲಿನ ತುಂಡುಗಳು ಪೆಂಗ್ವಿನ್ ಓಡಾಟಕ್ಕಿಂತ ತುಂಬ ದೊಡ್ಡವು ಅನ್ನುವ ಆಕ್ಷೇಪವಿದೆ. ಅದಕ್ಕಿಂತ ದೊಡ್ಡ ಕಷ್ಟ, ಇಲ್ಲಿ ಎಲ್ಲವೂ ಒಟ್ಟಿಗೇ ಬದಲಾಗುತ್ತಿರುವುದು. ಪರ್ಯಾಯ ದ್ವೀಪದ ಪಶ್ಚಿಮ ಭಾಗ 1950ರ ದಶಕದಿಂದ ಸುಮಾರು 3 ಡಿಗ್ರಿ ಬಿಸಿಯಾಗಿದೆ. ಕಡಲ ಮಂಜುಗಡ್ಡೆ 2023ರ ಫೆಬ್ರವರಿಯಲ್ಲಿ 17.9 ಲಕ್ಷ ಚದರ ಕಿಲೋಮೀಟರ್‌ಗೆ ಇಳಿಯಿತು. ಉಪಗ್ರಹದಿಂದ ಅಳೆಯಲು ಶುರುಮಾಡಿದ ಮೇಲೆ ಅಷ್ಟು ಕಡಿಮೆ ಆದದ್ದು ಅದೇ ಮೊದಲು. ಕ್ರಿಲ್ ಮರಿಗಳು ಚಳಿಗಾಲ ಕಳೆಯುವುದು ಈ ಮಂಜುಗಡ್ಡೆಯ ಅಡಿಯಲ್ಲಿ ಬೆಳೆಯುವ ಪಾಚಿ ಕೆರೆದು ತಿಂದು. ಮಂಜುಗಡ್ಡೆ ಹೋದರೆ ಹಡಗು ಬರದಿದ್ದರೂ ಅವುಗಳ ಊಟ ಹೋಯಿತು. ಎಲಿಫೆಂಟ್ ದ್ವೀಪದಲ್ಲಿ ಚಿನ್‌ಸ್ಟ್ರ್ಯಾಪ್ ಪೆಂಗ್ವಿನ್‌ಗಳು 1971ರಿಂದ 2020ರ ಹೊತ್ತಿಗೆ ಅರ್ಧಕ್ಕಿಂತಲೂ ಕಡಿಮೆಯಾದವು. ಅದರಲ್ಲಿ ಬಿಸಿಯ ಪಾಲೆಷ್ಟು, ಬಲೆಯ ಪಾಲೆಷ್ಟು ಅಂತ ತಕ್ಕಡಿಯಲ್ಲಿ ತೂಗಿ ಹೇಳಲಾಗದು.

ಕೇಪ್ ಶಿರೆಫ್ ಎಂಬಲ್ಲಿನ ತುಪ್ಪಳದ ಸೀಲ್‌ಗಳ ಕಥೆ ಇನ್ನೂ ಎಚ್ಚರಿಕೆ ಕಲಿಸುತ್ತದೆ. 2007ರ ನಂತರ ಅಲ್ಲಿ ಮರಿಗಳ ಸಂಖ್ಯೆ ನೆಲಕಚ್ಚಿತು. ಕ್ರಿಲ್ ಕೊರತೆ ಅಂತ ಸುಲಭವಾಗಿ ಹೇಳಿಬಿಡಬಹುದಿತ್ತು. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಹೆಚ್ಚುಪಾಲು ಮರಿಗಳನ್ನು ಚಿರತೆ ಸೀಲ್‌ಗಳು ತಿಂದುಹಾಕುತ್ತಿದ್ದವು. ಹಾಗಾಗಿ ಪ್ರಾಣಿ ಕಡಿಮೆಯಾದ ಕಡೆಯೆಲ್ಲ ಟ್ರಾಲರ್‌ನತ್ತ ಬೆರಳು ತೋರಿಸುವುದು ವಿಜ್ಞಾನವಲ್ಲ.

ಕ್ರಿಲ್ ನಿಜಕ್ಕೂ ಕಡಿಮೆಯಾಗುತ್ತಿದೆಯೇ ಅನ್ನುವುದರ ಬಗ್ಗೆಯೇ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆಂಗಸ್ ಅಟ್ಕಿನ್‌ಸನ್ ತಂಡ 2004ರಲ್ಲಿ 1970ರ ದಶಕದಿಂದೀಚೆಗೆ ದೊಡ್ಡ ಇಳಿಕೆಯಾಗಿದೆ ಎಂದಿತು. 2018ರಲ್ಲಿ ಮಾರ್ಟಿನ್ ಕಾಕ್ಸ್ ಮತ್ತು ಇತರರು ಅಂಥದೇ ಮಾಹಿತಿ ಹಿಡಿದು ಅಂಥ ಇಳಿಕೆ ಕಾಣುವುದಿಲ್ಲ ಎಂದರು. ಮರುವರ್ಷ ಅಟ್ಕಿನ್‌ಸನ್ ತಂಡ ಮತ್ತೆ ಬಂದು, ಕಳೆದ 90 ವರ್ಷಗಳಲ್ಲಿ ಕ್ರಿಲ್ ಸುಮಾರು 440 ಕಿಲೋಮೀಟರ್ ದಕ್ಷಿಣಕ್ಕೆ ಸರಿದಿದೆ ಎಂದು ತೋರಿಸಿತು. ಹಳೆಯ ಮಾಹಿತಿ ಬೇರೆ ಬೇರೆ ಬಲೆ, ಬೇರೆ ಬೇರೆ ಆಳ, ಬೇರೆ ಬೇರೆ ತಿಂಗಳುಗಳಲ್ಲಿ ಸಿಕ್ಕದ್ದು. ಅದನ್ನು ಹೊಂದಿಸುವಾಗ ಜಗಳ ಬಾರದಿದ್ದರೆ ಅದೇ ಆಶ್ಚರ್ಯ.

ಇದಕ್ಕೆಲ್ಲ ಬೇರು ಒಂದೇ, ಅಳತೆ ವಿರಳ. ಹಡಗಿನಿಂದ ಶಬ್ದದ ಅಲೆ ಬಿಟ್ಟು, ಮರಳುವ ಸದ್ದಿನಿಂದ ಇಡೀ ವಲಯದ ಕ್ರಿಲ್ ಅಂದಾಜಿಸಿದ ದೊಡ್ಡ ಸಮೀಕ್ಷೆ ನಡೆದದ್ದು 2000ದಲ್ಲಿ. ಆಮೇಲೆ 2019ರಲ್ಲಿ. ನಡುವೆ ಹತ್ತೊಂಬತ್ತು ವರ್ಷ ಖಾಲಿ. ಆ ಅವಧಿಯಲ್ಲಿ ಕ್ರಿಲ್‌ನ ಮೂರು ನಾಲ್ಕು ತಲೆಮಾರು ಹುಟ್ಟಿ ಸತ್ತಿವೆ. ಸಣ್ಣ ವಲಯಗಳ ಸಮೀಕ್ಷೆ ನಡೆದೇ ಇದೆ, ಈಗೀಗ ನೀರೊಳಗೆ ತಾವಾಗಿ ಸಾಗುವ ಗ್ಲೈಡರ್‌ಗಳೂ ಬಂದಿವೆ. ಆನೆ ಸೀಲ್‌ಗಳ ತಲೆಗೆ ಅಂಟಿಸಿದ ಉಪಕರಣಗಳು ಹಡಗು ಹೋಗಲಾಗದ ಮಂಜಿನಡಿಯ ನೀರಿನ ಬಿಸಿ, ಉಪ್ಪು ಅಳೆದು ಕಳಿಸುತ್ತಿವೆ. ಆದರೂ ನೂರು ಮೀಟರ್ ಉದ್ದದ ಹಡಗುಗಳು ವರ್ಷಪೂರ್ತಿ ಪಂಪ್ ಮಾಡುವ ಕಡಲನ್ನು ಇಪ್ಪತ್ತು ವರ್ಷಕ್ಕೊಮ್ಮೆ ಅಳೆಯುವುದು ಎಷ್ಟು ಸರಿ?

ಕಡಲ ಹಕ್ಕಿಗಳು ಉಳಿದದ್ದು ಹೇಗೆ

ಇದೇ ಕ್ಯಾಮ್ಲಾರ್ ಒಂದು ದೊಡ್ಡ ಕೆಲಸ ಮಾಡಿ ತೋರಿಸಿದೆ. 1990ರ ದಶಕದಲ್ಲಿ ಟೂತ್‌ಫಿಶ್ ಎಂಬ ದುಬಾರಿ ಮೀನಿಗಾಗಿ ಕಿಲೋಮೀಟರ್‌ಗಟ್ಟಲೆ ಉದ್ದದ ಗಾಳದ ಹಗ್ಗ ಬಿಡುತ್ತಿದ್ದರು. ಅದರ ಎರೆಗೆ ಎರಗಿದ ಆಲ್ಬಟ್ರಾಸ್‌ನಂಥ ದೊಡ್ಡ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಮುಳುಗಿ ಸತ್ತವು. ಆಮೇಲೆ ನಿಯಮ ಬಂತು. ಹಗ್ಗ ರಾತ್ರಿಯೇ ಬಿಡಬೇಕು. ಬೇಗ ಮುಳುಗುವಂತೆ ತೂಕ ಕಟ್ಟಬೇಕು. ಹಕ್ಕಿ ಬೆದರಿಸುವ ರಿಬ್ಬನ್ ಎಳೆಯಬೇಕು. ದಕ್ಷಿಣ ಜಾರ್ಜಿಯಾದಲ್ಲಿ ಹಕ್ಕಿಗಳು ಮರಿ ಸಾಕುವ ಬೇಸಿಗೆಯಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಹಡಗಿನಲ್ಲಿ ವೀಕ್ಷಕರು ಇರಲೇಬೇಕು. ಕೆಲವೇ ವರ್ಷಗಳಲ್ಲಿ ಅಲ್ಲಿ ಹಕ್ಕಿಗಳ ಸಾವು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಕಳ್ಳ ಹಡಗುಗಳ ಕಾಟ ಮಾತ್ರ ಅಷ್ಟು ಬೇಗ ಹೋಗಲಿಲ್ಲ, ಅದು ಬೇರೆಯೇ ಕಥೆ.

ಅಲ್ಲಿ ಆದದ್ದು ಕ್ರಿಲ್ ವಿಷಯದಲ್ಲಿ ಯಾಕೆ ಆಗುತ್ತಿಲ್ಲ? ನನ್ನ ಅನಿಸಿಕೆ ಹೀಗಿದೆ. ಗಾಳಕ್ಕೆ ಸಿಕ್ಕ ಆಲ್ಬಟ್ರಾಸ್ ಹಡಗಿನ ಮೇಲೆ ಬಂದು ಬೀಳುತ್ತದೆ. ಎಣಿಸಬಹುದು, ಫೋಟೋ ತೆಗೆಯಬಹುದು. ಯಾರೂ ಅಲ್ಲಗಳೆಯಲಾರರು. 2021 ಮತ್ತು 2022ರಲ್ಲಿ ಕ್ರಿಲ್ ಬಲೆಗಳಲ್ಲಿ ಹಂಪ್‌ಬ್ಯಾಕ್‌ಗಳು ಸಿಕ್ಕಿ ಸತ್ತಾಗಲೂ ಗದ್ದಲ ಆದದ್ದು ಅದಕ್ಕೇ, ಕಣ್ಣಿಗೆ ಕಂಡಿತು. ಪೆಂಗ್ವಿನ್‌ಗೆ ಆಗುವ ನಷ್ಟ ಹಾಗಲ್ಲ. ಒಂದು ಮರಿ ನೂರು ಗ್ರಾಂ ಕಡಿಮೆ ತೂಗಿತು. ತಿಂಗಳುಗಳ ನಂತರ ಎಲ್ಲೋ ಕಡಲಿನಲ್ಲಿ ಅದು ಉಳಿಯಲಿಲ್ಲ. ಇದು ಯಾವ ಹಡಗಿನ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಸರ್ವಾನುಮತ ಬೇಕಾದ ಸಭೆಯಲ್ಲಿ ಇಂಥ ನಷ್ಟಕ್ಕೆ ‘ಇನ್ನಷ್ಟು ಪುರಾವೆ ಬೇಕು’ ಎಂದರೆ ಸಾಕು, ವಿಷಯ ಮುಂದಿನ ವರ್ಷಕ್ಕೆ ಹೋಗುತ್ತದೆ. ಅನುಮಾನ ಇದ್ದಾಗ ಕಡಿಮೆ ಹಿಡಿ ಅನ್ನುವುದು ಒಪ್ಪಂದದ ಆಶಯ. ಅನುಮಾನ ಇರುವ ತನಕ ತಡೆಯಬೇಡ ಅನ್ನುವುದು ಈಗಿನ ನಡವಳಿಕೆ.

ಸಂರಕ್ಷಿತ ವಲಯಗಳಿಗೂ ಇದೇ ಗತಿ. 2016ರಲ್ಲಿ ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್ ಕಾಪಾಡಲು ಒಪ್ಪಿದರು. ಆಮೇಲೆ ಪೂರ್ವ ಅಂಟಾರ್ಕ್ಟಿಕಾ, ವೆಡೆಲ್ ಸಮುದ್ರ, ಪರ್ಯಾಯ ದ್ವೀಪ ಮೂರರ ಪ್ರಸ್ತಾಪಗಳೂ ಚೀನಾ, ರಷ್ಯಾ ಒಪ್ಪದೆ ನಿಂತಿವೆ. 2023ರಲ್ಲಿ ಇದಕ್ಕೆಂದೇ ಚಿಲಿಯ ಸ್ಯಾಂಟಿಯಾಗೋದಲ್ಲಿ ವಿಶೇಷ ಸಭೆ ಕರೆದರು. ಬರಿಗೈಯಲ್ಲಿ ಎದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಕಂಪನಿಗಳೂ ಸುಮ್ಮನೆ ಕೂತಿಲ್ಲ. ಬಹುಪಾಲು ಕ್ರಿಲ್ ಕಂಪನಿಗಳ ಸಂಘ 2018ರಲ್ಲಿ, ಪೆಂಗ್ವಿನ್ ಮರಿ ಸಾಕುವ ಕಾಲದಲ್ಲಿ ಗೂಡುಗಳ ಹತ್ತಿರ ಬಲೆ ಹಾಕುವುದಿಲ್ಲ ಎಂದು ತಾನಾಗಿ ಒಪ್ಪಿಕೊಂಡಿತು. ಕಾಲ ನೋಡಿ ಮೀನು ಹಿಡಿಯುವುದು ನಮಗೇನು ಹೊಸದಲ್ಲ. ಕರಾವಳಿಯಲ್ಲಿ ಜೂನ್, ಜುಲೈ 61 ದಿನ ಟ್ರಾಲಿಂಗ್ ನಿಷೇಧ ಇರುವುದು ಮೀನು ಮರಿ ಮಾಡುವ ಹೊತ್ತು ಅಂತಲೇ. ವ್ಯತ್ಯಾಸ ಏನೆಂದರೆ ಮಲ್ಪೆಯಲ್ಲಿ ಅದು ಸರ್ಕಾರದ ಆದೇಶ, ಅಲ್ಲಿ ಕಂಪನಿಗಳ ಇಷ್ಟ. ಇನ್ನೊಂದು ತೊಡಕೂ ಇದೆ. ಬೇಸಿಗೆ ಬಿಟ್ಟ ಹಡಗುಗಳು ಶರತ್ಕಾಲಕ್ಕೆ, ಚಳಿಗಾಲಕ್ಕೆ ಸರಿಯುತ್ತವೆ. ಆಗ ಹಂಪ್‌ಬ್ಯಾಕ್‌ಗಳು ಉತ್ತರಕ್ಕೆ ಹೊರಡುವ ಮುನ್ನ ಪರ್ಯಾಯ ದ್ವೀಪದ ಪಕ್ಕದ ಗೆರ್ಲಾಶ್ ಜಲಸಂಧಿಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ಮೊದಲ ಬಾರಿ ಒಂಟಿಯಾಗಿ ಕಡಲಿಗಿಳಿದ ಪೆಂಗ್ವಿನ್ ಮರಿಗಳೂ ಅಲ್ಲೇ ಇರುತ್ತವೆ.

ಭಾರತ ಇಲ್ಲಿ ಎಲ್ಲಿ ನಿಂತಿದೆ? ಮೈತ್ರಿ, ಭಾರತಿ ಎಂಬ ಎರಡು ನೆಲೆಗಳು ನಮಗೆ ಅಲ್ಲಿವೆ. ಅವನ್ನು ನಡೆಸುವ ಧ್ರುವ ಸಂಶೋಧನಾ ಕೇಂದ್ರ ಪಕ್ಕದ ಗೋವಾದಲ್ಲಿದೆ. 1995-96ರಲ್ಲಿ ಸಾಗರ ಸಂಪದ ಹಡಗು ಕ್ರಿಲ್ ಅಧ್ಯಯನಕ್ಕೆಂದೇ ಅಲ್ಲಿಗೆ ಹೋಗಿ ಬಂದಿತ್ತು. 2021ರಲ್ಲಿ ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಂರಕ್ಷಿತ ವಲಯಗಳಿಗೆ ಭಾರತ ಬೆಂಬಲ ಘೋಷಿಸಿತು. ಈಗ ಕ್ರಿಲ್ ಹಿಡಿಯುವ ದೇಶಗಳ ಸಾಲಿನಲ್ಲಿ ನಾವಿಲ್ಲ. ಕಳೆದುಕೊಳ್ಳುವುದು ಏನೂ ಇಲ್ಲದವರ ಮಾತಿಗೆ ಇಂಥ ಸಭೆಯಲ್ಲಿ ಒಂದು ತೂಕವಿರುತ್ತದೆ. ಹೊಸ ಸಂರಕ್ಷಿತ ವಲಯ ಆಗುವಾಗ ಆಗಲಿ, ಅಲ್ಲಿಯ ತನಕ 2009ರ ಹಂಚಿಕೆಯನ್ನು ವಾಪಸ್ ತನ್ನಿ ಎಂದು ಕೇಳುವುದಕ್ಕೆ ಭಾರತಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಹೋಬಾರ್ಟ್ ಸಭೆ ಮತ್ತೆ ಸೇರಿತು. ಹಂಚಿಕೆಯ ಬಗ್ಗೆ ಈ ಸಲವೂ ಒಮ್ಮತವಾಗಲಿಲ್ಲ. ಡಿಸೆಂಬರ್‌ನಲ್ಲಿ ಶುರುವಾದ ಹೊಸ ಸೀಸನ್‌ಗೂ ಅದೇ 6.2 ಲಕ್ಷ ಟನ್, ಅದೇ ಬೇಲಿ ಇಲ್ಲದ ಕಡಲು. ಇನ್ನು ಮುಂದೆ ಕ್ರಿಲ್ ಹಿಡಿತದ ಸುದ್ದಿ ಕಣ್ಣಿಗೆ ಬಿದ್ದರೆ ಒಟ್ಟು ಎಷ್ಟು ಟನ್ ಅನ್ನುವುದನ್ನು ಆಮೇಲೆ ನೋಡಿ. ಅದರಲ್ಲಿ 48.1ರ ಪಾಲೆಷ್ಟು, ಅದು 1.55 ಲಕ್ಷ ದಾಟಿದ್ದು ಯಾವ ತಿಂಗಳಲ್ಲಿ ಅನ್ನುವುದನ್ನು ಮೊದಲು ಹುಡುಕಿ.